ಮೂರು ಹುಲ್ಲೆಗಳ ಬಯಲುಸೀಮೆ

ಕಾಡು ನೋಡೋಣ ಎಂದರೆ ಬೆಂಗಳೂರಿನ ಗೆಳೆಯರ ಬಾಯಲ್ಲಿ ಬರುವುದು ನಾಗರಹೊಳೆ, ಆಗುಂಬೆ. ಶಿರಾ, ಪಾವಗಡ ಎಂದರೆ ನಗು. ಅಲ್ಲೇನಿದೆ? ಕಲ್ಲು, ಜಾಲಿ, ಬಿಸಿಲು. ಕಾರು ಹೊರಟ ಮೇಲೂ ಹಿಂದಿನ ಸೀಟಿನಲ್ಲಿ ಇದೇ ರಾಗ ನಡೆದಿತ್ತು. ಕೃಷ್ಣಮೃಗ, ಚಿಂಕಾರ, ಕೊಂಡುಕುರಿ, ಹೀಗೆ ಹುಲ್ಲೆ ಜಾತಿಯ ಮೂರು ಪ್ರಾಣಿಗಳು ತುಮಕೂರು ಜಿಲ್ಲೆಯೊಂದರಲ್ಲೇ ಇವೆ ಎಂದಾಗ ಸದ್ದು ಸ್ವಲ್ಪ ತಗ್ಗಿತು.

ಶಿರಾ ತಾಲ್ಲೂಕಿನ ಪಶ್ಚಿಮಕ್ಕಿರುವ ಬುಕ್ಕಾಪಟ್ಟಣದ ಕುರುಚಲು ಕಾಡು ಮೊದಲ ನಿಲುಗಡೆ. ಚಿಂಕಾರ ಎಂದರೆ ರಾಜಸ್ಥಾನ, ಗುಜರಾತ್ ಎಂದೇ ಎಲ್ಲರ ಎಣಿಕೆ. ನಮ್ಮ ರಾಜ್ಯದಲ್ಲಾದರೆ ಬಾಗಲಕೋಟೆಯ ಯಡಹಳ್ಳಿ. ಇಷ್ಟು ದಕ್ಷಿಣದಲ್ಲಿ ಅದು ಇದೆ ಎಂಬುದು ಹೊರಜಗತ್ತಿಗೆ ಸರಿಯಾಗಿ ತಿಳಿದದ್ದು ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ತಂಡದ ಕ್ಯಾಮೆರಾ ಟ್ರ್ಯಾಪ್‌ಗಳಿಂದ. 2019ರಲ್ಲಿ ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿ ಅಭಯಾರಣ್ಯ ಘೋಷಣೆಯಾಯಿತು. ಇಪ್ಪತ್ತು, ಇಪ್ಪತ್ತೈದು ಕಿಲೋ ತೂಗುವ ಈ ಪ್ರಾಣಿ ದಿನಗಟ್ಟಲೆ ನೀರು ಕುಡಿಯದೆ, ಎಲೆಯ ರಸ ಮತ್ತು ಇಬ್ಬನಿಯಲ್ಲೇ ಬದುಕಬಲ್ಲದು. ಗುಂಪು ಕಟ್ಟುವುದು ಕಡಿಮೆ, ಕಣ್ಣಿಗೆ ಬೀಳುವುದು ಇನ್ನೂ ಕಡಿಮೆ. ಕೊಂಡುಕುರಿಯಂತೂ ಪೊದೆಯಿಂದ ಆಚೆ ಬರುವುದೇ ಅಪರೂಪ. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬು ಇರುವುದು ಅದೊಂದಕ್ಕೇ. ಎರಡೂ ನಮಗೆ ಕಾಣಲಿಲ್ಲ. ರಸ್ತೆಯಂಚಿನಲ್ಲಿ ನಿಂತು ನೋಡಿದವರಿಗೆ ಕಾಣಬೇಕೆಂಬ ನಿಯಮವೇನೂ ಇಲ್ಲ.

ಕಗ್ಗಲಡುವಿನಲ್ಲಿ ಹಾಗಲ್ಲ. ಶಿರಾದಿಂದ ಹತ್ತು ಕಿಲೋಮೀಟರೂ ಇಲ್ಲದ ಈ ಊರಿನ ಹುಣಸೆಮರಗಳೇ ಬಣ್ಣದ ಕೊಕ್ಕರೆ, ಬೂದು ಬಕಗಳ ಬಾಣಂತಿಮನೆ. ಮರದ ಕೆಳಗೆ ಮೀನಿನ ನಾತ, ತಲೆಯ ಮೇಲೆ ಯಾವಾಗ ಏನು ಬೀಳುತ್ತದೋ ಹೇಳಲಾಗದು. ಮನೆಗಳ ಪಕ್ಕದಲ್ಲೇ ಇಷ್ಟೆಲ್ಲ ಗಲಾಟೆ ನಡೆದರೂ ಊರಿನವರು ಹಕ್ಕಿಗಳನ್ನು ಓಡಿಸಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಾರಿವಾಳಕ್ಕೆ ಬಲೆ ಕಟ್ಟಿಸಿದ ಗೆಳೆಯನೊಬ್ಬ ಅಲ್ಲಿ ಬಹಳ ಹೊತ್ತು ಮಾತಾಡಲಿಲ್ಲ.

ಮುಂದೆ ಹುಲಿಕುಂಟೆ ಹೋಬಳಿಯ ಕಡೆ ಹೊರಳಿದರೆ ನೆಲ ಪೂರ್ತಿ ತೆರೆದುಕೊಳ್ಳುತ್ತದೆ. ಬಂಡೆಗುಡ್ಡ, ಕಡ್ಲೆಕಾಯಿ ಹೊಲ, ಒಣಗಿದ ಕೆರೆ, ನಡುನಡುವೆ ಹುಲ್ಲು. ಕಂದಾಯ ದಾಖಲೆಗೆ ಇದರಲ್ಲಿ ಎಷ್ಟೋ ಭಾಗ ಬರೀ ಬೀಳು. ದನ ಕುರಿ ಸಾಕುವ ಕಾಡುಗೊಲ್ಲರಿಗೆ ಹಾಗಲ್ಲ. ಇದೇ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವರ ಜುಂಜಪ್ಪನ ಗುಡ್ಡೆಯಿದೆ. ಗಣೆ ಎಂಬ ಕೊಳಲು ಊದಿ ಹಾಡುವ ಜುಂಜಪ್ಪನ ಕಥೆಯಲ್ಲಿ ದೈವವಾದವನು ದನ ಕಾಯ್ದವನೇ. ಹುಲ್ಲುಗಾವಲನ್ನು ಇಷ್ಟು ಗೌರವದಿಂದ ಕಂಡ ಸರ್ಕಾರಿ ಕಡತ ನನಗೆ ಸಿಕ್ಕಿಲ್ಲ.

ನಮ್ಮ ತಿರುಗಾಟ ಸಾರ್ಥಕವಾದದ್ದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ, ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶದಲ್ಲಿ. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿಯ ಹೆಸರೇ ಇದಕ್ಕೆ. ಆಂಧ್ರದ ಗಡಿ ಪಕ್ಕದಲ್ಲೇ ಇದೆ. ಕೃಷ್ಣಮೃಗ ಆ ರಾಜ್ಯದ ರಾಜ್ಯಪ್ರಾಣಿ. 2007ರಲ್ಲಿ ಘೋಷಣೆಯಾದ ಮೀಸಲಿನ ವಿಸ್ತೀರ್ಣ 798 ಎಕರೆ.

ಒಳದಾರಿಯಲ್ಲಿ ಇಳಿದು ನಡೆಯಲು ಹೊರಟಾಗ ಕುರಿ ಕಾಯುತ್ತಿದ್ದ ಅಜ್ಜ ತಡೆದರು. ‘ಇಳೀಬ್ಯಾಡಿ ಸಾಮಿ. ಕಾರಿಗೆ ಹೆದರಲ್ಲ ಅವು. ನಡ್ಕಂಡು ಬರೋ ಮನ್ಸನ್ನ ಕಂಡ್ರೆ ಓಟ.’

‘ಯಾಕಜ್ಜ?’

‘ನಾಯಿ ಕರ್ಕಂಡು ಬ್ಯಾಟೆಗೆ ಬರೋನು ನಡ್ಕಂಡೇ ಅಲ್ವಾ ಬರೋದು?’

ಕಾರಿನಲ್ಲೇ ಕುಳಿತೆವು. ಮೊದಲು ಕಂಡದ್ದು ಕಂದುಬಣ್ಣದ ಹೆಣ್ಣುಗಳು. ಆಮೇಲೆ ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬಿನ ಗಂಡು. ಎಳೆಯ ಗಂಡೂ ಕಂದಾಗಿಯೇ ಇರುತ್ತದೆ. ವಯಸ್ಸಾದಂತೆ ಕಪ್ಪೇರುತ್ತದೆ. ದೊಡ್ಡ ಗಂಡು ತನ್ನ ಜಾಗ ಗುರುತಿಸಲು ಒಂದೇ ಕಡೆ ಮತ್ತೆಮತ್ತೆ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ. ಕಣ್ಣಿನ ಬಳಿಯ ಗ್ರಂಥಿಯ ಅಂಟನ್ನು ಹುಲ್ಲುಕಡ್ಡಿಗೆ ಸವರುತ್ತದೆ. ಸರ್ವೆ ಕಲ್ಲು ನೆಡುವ ಕೆಲಸ ಇದಕ್ಕಿಂತ ಹೆಚ್ಚೇನಲ್ಲ. ಏನೋ ಸದ್ದಾಯಿತು. ಒಂದು ಹೆಣ್ಣು ನೆಟ್ಟಗೆ ಮೇಲಕ್ಕೆ ನೆಗೆಯಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಆಮೇಲೆ ಇಡೀ ಹಿಂಡು ಓಡಿತು. ಗಂಟೆಗೆ 80 ಕಿಲೋಮೀಟರ್ ಮುಟ್ಟಬಲ್ಲ ಓಟ.

ಇಷ್ಟು ವೇಗ ಈಗ ಯಾರಿಗಾಗಿ? ಅದು ಚೀತಾದೊಂದಿಗಿನ ಪೈಪೋಟಿಯಲ್ಲಿ ಬಂದದ್ದು. ಟಿಪ್ಪು ಸುಲ್ತಾನನ ಬಳಿಯಿದ್ದ ಬೇಟೆ ಚೀತಾಗಳು 1799ರಲ್ಲಿ ಅವನು ಸತ್ತ ನಂತರ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಪಾಲಾದವು. 1952ರಲ್ಲಿ ಭಾರತದಲ್ಲಿ ಚೀತಾ ಅಳಿದಿದೆ ಎಂದು ಘೋಷಿಸಲಾಯಿತು. 2022ರಲ್ಲಿ ಆಫ್ರಿಕಾದಿಂದ ತಂದ ಚೀತಾಗಳನ್ನು ಬಿಟ್ಟದ್ದು ಮಧ್ಯಪ್ರದೇಶದ ಕುನೋದಲ್ಲಿ. ಇಲ್ಲಿ ಕೃಷ್ಣಮೃಗವನ್ನು ಅಟ್ಟುವುದು ಬೀದಿನಾಯಿ.

ಹುಲ್ಲೆಗಳ ಇನ್ನೊಂದು ಶತ್ರು ಹಸಿರಾಗಿಯೇ ಇದೆ. ಮೀಸಲಿನ ಒಂದು ಭಾಗದಲ್ಲಿ ನೀಲಗಿರಿ ನೆಡುತೋಪು ನಿಂತಿದೆ. ಬಯಲಲ್ಲಿ ದೂರ ನೋಡಿ, ಓಡಿ ಬದುಕುವ ಪ್ರಾಣಿಗೆ ತೋಪು ಎಂದರೆ ಕಣ್ಣಿಗೆ ಪಟ್ಟಿ ಕಟ್ಟಿದ ಹಾಗೆ. 1974ರ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲೂ ಇದೇ ತಪ್ಪಾಯಿತು. ಹುಲ್ಲಿನ ಮೇಲೆ ನೀಲಗಿರಿ ಹರಡಿತು. ಒಂದು ಕಾಲಕ್ಕೆ ಅಲ್ಲಿದ್ದ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಜಾಗವಿಲ್ಲದಾಯಿತು. ಗಿಡ ನೆಟ್ಟರೆ ಪುಣ್ಯ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ನಂಬಲು ಕಷ್ಟ. ನನ್ನ ಗೆಳೆಯರೂ ವಾದಕ್ಕೆ ನಿಂತರು. ಹಿಂಡು ಓಡಿದ ದಿಕ್ಕು ತೋರಿಸಿದೆ. ತೋಪಿನೊಳಗೆ ಒಂದೂ ಹೋಗಿರಲಿಲ್ಲ.

ಪಾವಗಡದ ತಿರುಮಣಿಯಲ್ಲಿ ಬಯಲು ಕನ್ನಡಿಯಾಗಿದೆ. 13,000 ಎಕರೆ, 2,050 ಮೆಗಾವಾಟ್ ಸೌರ ಪಾರ್ಕ್. ಮೈದನಹಳ್ಳಿಯಂಥ 16 ಮೀಸಲುಗಳು ಅದರೊಳಗೆ ಕೂರುತ್ತವೆ. ಮಳೆ ಕೈಕೊಟ್ಟ ರೈತರು ಜಮೀನು ಗುತ್ತಿಗೆಗೆ ಕೊಟ್ಟರೆ ತಪ್ಪು ಹೇಳಲಾರೆ. ವರ್ಷಕ್ಕೊಮ್ಮೆ ಖಾತ್ರಿಯಾಗಿ ಬರುವ ಹಣ ಅದು. ಕುರಿ ಮೇಯಿಸುವವರಿಗೆ ಮಾತ್ರ ಬೇಲಿಯಾಚೆಯ ಹುಲ್ಲು ಸಿಕ್ಕುವುದಿಲ್ಲ, ಗುತ್ತಿಗೆ ಹಣವೂ ಇಲ್ಲ.

ಹೋಗುವವರಿಗೆ ಎರಡು ಮಾತು. ಕಗ್ಗಲಡುವಿಗೆ ಫೆಬ್ರವರಿಯಿಂದ ಆಗಸ್ಟ್ ಒಳಗೆ ಹೋಗಿ, ಟೋಪಿ ಹಾಕಿಕೊಳ್ಳಿ. ಮೈದನಹಳ್ಳಿಗೆ ಬೆಳಿಗ್ಗೆ ಬೇಗ ತಲುಪಿ, ಕಾರನ್ನು ದಾರಿ ಬಿಟ್ಟು ಹುಲ್ಲಿಗೆ ಇಳಿಸಬೇಡಿ. ಹುಟ್ಟಿದ ಮರಿಗಳನ್ನು ತಾಯಿ ಹುಲ್ಲಿನಲ್ಲೇ ಅಡಗಿಸಿಟ್ಟಿರುತ್ತದೆ. ಬುಕ್ಕಾಪಟ್ಟಣದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.