ಪಾಠದ ಕನ್ನಡ, ನೋಟಿಸಿನ ಕನ್ನಡ

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಹೆಬ್ಬೂರಿನ ನಮ್ಮ ಮನೆಗೆ ಒಂದು ನೋಟಿಸು ಬಂತು. ಅಮ್ಮಿ ಬಳೆ ಅಡವಿಟ್ಟು ಸಾಲ ತಂದಿದ್ದರು. ಏಳನೇ ತರಗತಿವರೆಗೆ ಉರ್ದು ಮಾಧ್ಯಮದಲ್ಲಿ ಓದಿದ್ದರೂ, ಮನೆಯಲ್ಲಿ ಕನ್ನಡ ಓದಲು ಬರುತ್ತಿದ್ದವಳು ನಾನೊಬ್ಬಳೇ. ನೋಟಿಸಿನಲ್ಲಿ, ಇಂಥ ತಾರೀಖಿನೊಳಗೆ ಬಾಕಿ ಪಾವತಿಸತಕ್ಕದ್ದು, ತಪ್ಪಿದಲ್ಲಿ ಒಡವೆಗಳನ್ನು ಹರಾಜು ಮಾಡಲಾಗುವುದು ಎಂದಿತ್ತು. ಬಾಕಿ, ಹರಾಜು ಎರಡೂ ನಮ್ಮ ಮನೆಮಾತಿನಲ್ಲೇ ಇರುವ ಪದಗಳು. ನಾನು ಎಡವಿದ್ದು "ತಪ್ಪಿದಲ್ಲಿ" ಎಂಬಲ್ಲಿ. ಲೆಕ್ಕದಲ್ಲಿ ತಪ್ಪು ಇದ್ದರೆ ಮಾತ್ರ ಹರಾಜು ಎಂದುಕೊಂಡು, "ನಮ್ಮ ಲೆಕ್ಕ ಸರಿ ಇದೆ, ಹೆದರಬೇಡಿ" ಎಂದು ಅಮ್ಮಿಗೆ ಹೇಳಿಬಿಟ್ಟೆ. ಪಕ್ಕದ ಮನೆಯವರು ಅದನ್ನು ಓದಿ ಗಾಬರಿಯಾದಾಗ ಗಡುವಿಗೆ ಎರಡೇ ದಿನ ಉಳಿದಿತ್ತು. ಅಬ್ಬಾ ಅವರಿವರ ಹತ್ತಿರ ಕೈಗಡ ತಂದು ಕಟ್ಟಿದರು. ಬಳೆ ಉಳಿಯಿತು.

ಆ ವರ್ಷ ಕನ್ನಡದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು ಎಂಬುದೇ ತಮಾಷೆ. ಆರಂಭದ ಪಾಠಗಳಲ್ಲಿ ಎಲ್ಲರೂ ಶಾಲೆಗೆ ಹೋಗುತ್ತಾರೆ, ಹಣ್ಣು ತಿನ್ನುತ್ತಾರೆ. "ಮಾಡಲಾಗುವುದು", "ಪಾವತಿಸತಕ್ಕದ್ದು" ಎಂದು ಯಾರೂ ಹೇಳುವುದಿಲ್ಲ. ಅದಕ್ಕೆ ಸಿಟ್ಟು ಬಂದು ಪಾಠದ ಪುಸ್ತಕ ಬದಿಗಿಟ್ಟು ನೇರವಾಗಿ ದಿನಪತ್ರಿಕೆಯ ಸಂಪಾದಕೀಯಕ್ಕೆ ಕೈಹಾಕಿದೆ. ಒಂದು ವಾರವೂ ನಡೆಯಲಿಲ್ಲ.

ಅದಕ್ಕೆ ಕಾರಣ ನನಗೆ ಆಮೇಲೆ ತಿಳಿಯಿತು. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ ತಮ್ಮ ಸಹೋದ್ಯೋಗಿಯೊಂದಿಗೆ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗ್ಲಿಷ್ ಕಲಿಯುವವರು ಒಂದು ಕಥೆಯನ್ನು ಯಾರ ಸಹಾಯವೂ ಇಲ್ಲದೆ ಅರ್ಥಮಾಡಿಕೊಳ್ಳಲು ಅದರ ನೂರು ಪದಗಳಲ್ಲಿ ಸುಮಾರು 98 ಗೊತ್ತಿರಬೇಕು. 80 ಮಾತ್ರ ಗೊತ್ತಿದ್ದವರಲ್ಲಿ ಒಬ್ಬರಿಗೂ ಕಥೆ ಸರಿಯಾಗಿ ಅರ್ಥವಾಗಲಿಲ್ಲ. ಸಂಪಾದಕೀಯದಲ್ಲಿ ನನಗೆ 80 ಕೂಡ ಗೊತ್ತಿರಲಿಲ್ಲ.

ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ಒಮ್ಮೆ "ಕೊಬ್ಬರಿ ಬೆಲೆ ಬಿದ್ದಿದೆ" ಎಂದು ಓದಿ, "ಬಿದ್ದಿದೆ" ಪದವನ್ನು ನಿಘಂಟಿನಲ್ಲಿ ಹುಡುಕಿದೆ. ಸಿಗಲಿಲ್ಲ. "ಬಿದ್ದು" ಎಂದು ಹುಡುಕಿದರೂ ಕೆಲಸವಾಗಲಿಲ್ಲ. ಬೇಕಾಗಿದ್ದದ್ದು "ಬೀಳು". ಹಾಗೆಯೇ ಎದ್ದ ಎಂಬುದಕ್ಕೆ ಏಳು, ಕೊಂಡ ಎಂಬುದಕ್ಕೆ ಕೊಳ್ಳು, ಸತ್ತ ಎಂಬುದಕ್ಕೆ ಸಾಯು. "ಮನೆಯವರಿಗೂ" ಎಂಬ ಒಂದೇ ಪದದೊಳಗೆ ಮನೆ ಎಲ್ಲಿ ಮುಗಿಯಿತು, ಬಾಲ ಎಲ್ಲಿ ಶುರುವಾಯಿತು ಎಂದು ತಿಳಿಯದಿದ್ದರೆ ನಿಘಂಟು ಇದ್ದೂ ಇಲ್ಲದ ಹಾಗೆ. ವಿಭಕ್ತಿ, ಕ್ರಿಯಾಪದಗಳ ರೂಪ ಇವೆಲ್ಲ ಪತ್ರಿಕೆ ಓದಿ ತಾವಾಗಿಯೇ ಬರಲಿ ಎಂದು ಕಾದರೆ ವರ್ಷಗಳೇ ಬೇಕು. ವ್ಯಾಕರಣದ ಪಾಠ ಅದನ್ನು ಕೆಲವು ತಿಂಗಳಲ್ಲಿ ಕೊಡುತ್ತದೆ. ಆದ್ದರಿಂದ ಆರಂಭದ ಪುಸ್ತಕವನ್ನು ಯಾವಾಗ ಬಿಡಬಹುದು ಎಂದು ಕೇಳುವವರಿಗೆ ನನ್ನ ಅಳತೆ ಇದು: ಕಂಡ ಪದವನ್ನು ನಿಘಂಟಿನಲ್ಲಿರುವ ರೂಪಕ್ಕೆ ಬಿಡಿಸಲು ಬರುವವರೆಗೆ ಬಿಡಬೇಡಿ.

ಹಾಗಂತ ಅಲ್ಲಿಯವರೆಗೆ ಹೊರಗಿನ ಓದನ್ನು ಮುಟ್ಟಲೇಬಾರದು ಎಂದಲ್ಲ. ಚಿಕ್ಕದನ್ನು ಆರಿಸಿಕೊಳ್ಳಬೇಕು, ವಿಷಯ ಮೊದಲೇ ಗೊತ್ತಿರಬೇಕು. ಅಬ್ಬಾ ಟೆಂಪೋದಲ್ಲಿ ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹೊಡೆಯುತ್ತಾರೆ. ಹಾಗಾಗಿ ನಾನು ಸಂಪಾದಕೀಯ ಬಿಟ್ಟು ಮಾರುಕಟ್ಟೆ ಧಾರಣೆಗೆ ಬಂದೆ. ಕನಿಷ್ಠ, ಗರಿಷ್ಠ, ಆವಕ, ಕುಸಿತ, ಚೇತರಿಕೆ ಎಂದು ದಿನವೂ ಅವೇ ಇಪ್ಪತ್ತು ಮೂವತ್ತು ಪದಗಳು. ಮೂರನೇ ವಾರಕ್ಕೆ ನಿಘಂಟು ಬೇಕಾಗಲಿಲ್ಲ. ಕಾಲೇಜಿಗೆ ಬಂದು ಅರ್ಥಶಾಸ್ತ್ರದಲ್ಲಿ ಬೇಡಿಕೆ, ಪೂರೈಕೆ ಶುರುವಾದಾಗ ಅವು ನನಗೆ ಹಳೆಯ ಪರಿಚಯದವರಂತೆ ಕಂಡವು. ಕ್ರಿಕೆಟ್ ನೋಡುವವರು ಕ್ರೀಡಾಪುಟದಿಂದ ಶುರುಮಾಡಬಹುದು. ಆಟ ನಿನ್ನೆಯೇ ನೋಡಿರುತ್ತೀರಿ, ಅರ್ಧ ಅರ್ಥ ಅಲ್ಲೇ ಇರುತ್ತದೆ.

ಹಾಸನದ ಬಾನು ಮುಷ್ತಾಕ್ ಅವರ ಮನೆಮಾತೂ ನಮ್ಮದೇ ದಖನಿ ಉರ್ದು. ಎಂಟು ವರ್ಷದವರಿದ್ದಾಗ ಅವರನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರಂತೆ. ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ "ಹಾರ್ಟ್ ಲ್ಯಾಂಪ್" ಪುಸ್ತಕಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಎಲ್ಲರಿಗೂ ಅಷ್ಟು ಬೇಗ ಬರುವುದಿಲ್ಲ, ನನಗಂತೂ ಬಂದಿಲ್ಲ. ಆದರೆ ಅಲ್ಲಿ ತರಗತಿಯ ಒಳಗೆ ಅಕ್ಷರ, ಹೊರಗೆ ಗೆಳತಿಯರ ಮಾತು, ಎರಡೂ ಕನ್ನಡವೇ ಆಗಿದ್ದಿರಬೇಕು. ನಮ್ಮಲ್ಲಿ ಬಹಳ ಜನ ತರಗತಿ ಮುಗಿದ ಕೂಡಲೇ ಉರ್ದುವಿಗೆ ಮರಳುತ್ತೇವೆ. ಹೊರಗಿನ ಕನ್ನಡವನ್ನು ನಾವೇ ಹುಡುಕಿಕೊಂಡು ಹೋಗಬೇಕು.

ಮಾತಿನ ಕನ್ನಡದ ಕಥೆ ಬೇರೆ. ಪುಸ್ತಕದ "ಹೋಗುತ್ತೇನೆ" ನಮ್ಮ ಸಂತೆಯಲ್ಲಿ "ಹೋಯ್ತೀನಿ". ಅದನ್ನು ಬಸ್ಸಿನಲ್ಲೇ ಕಲಿಯಬೇಕು. ಒಮ್ಮೆ ನಾನು "ಮೇಷ್ಟ್ರು ಬಂತು" ಎಂದು ಇಡೀ ತರಗತಿ ನಕ್ಕಿತ್ತು. ಆಮೇಲೆ ಆ ತಪ್ಪು ಮಾಡಿಲ್ಲ.

ಈಗ ನನ್ನ ತಂಗಿ ಉರ್ದು ಶಾಲೆಯಿಂದ ಎಂಟನೇ ತರಗತಿಗೆ ಕನ್ನಡ ಮಾಧ್ಯಮಕ್ಕೆ ಬಂದಿದ್ದಾಳೆ. ಸಂಜೆ ಅರ್ಧ ಗಂಟೆ ವ್ಯಾಕರಣ, ಹತ್ತು ನಿಮಿಷ ಹೊರಗಿನ ಓದು. ಪರೀಕ್ಷೆ ಮುಗಿದ ಮೇಲೆ ಇದನ್ನು ತಿರುವುಮುರುವು ಮಾಡುತ್ತೇವೆ. ಹೊರಗಿನ ಓದು ಎಂದರೆ ಕರೆಂಟ್ ಬಿಲ್ಲು, ಪಡಿತರ ಅಂಗಡಿಯ ಬೋರ್ಡು. ಹೋದ ವಾರ ಆ ಹಳೆಯ ನೋಟಿಸನ್ನೇ ಅವಳ ಕೈಗೆ ಕೊಟ್ಟೆ. "ತಪ್ಪಿದಲ್ಲಿ" ಎಂಬಲ್ಲಿ ನಿಂತು, ಇದು ತಪ್ಪು ಎಂಬ ಪದವೋ, ತಪ್ಪಿಹೋಗುವುದೋ ಎಂದು ಕೇಳಿದಳು. ಅಮ್ಮಿ ಅಡುಗೆಮನೆಯಿಂದಲೇ ಉತ್ತರ ಹೇಳಿದರು.