ಹಳೆಯ ಮನೆಯ ಹೊರಮುಖ: ಮೆತ್ತನೆಯ ಕೈಯೂ ನಾಲ್ಕು ಹೂಕುಂಡಗಳೂ

ಮನೆಯೊಳಗಿನ ಸಂಪತ್ತು ಬಂದವರ ಕಣ್ಣಿಗೆ ಬೀಳದಿರಬಹುದು. ಆದರೆ ಕಟ್ಟೆ, ತಲಬಾಗಿಲು, ಹೊಸ್ತಿಲುಗಳನ್ನು ನೋಡಿದ ಮಾತ್ರಕ್ಕೆ ಮನೆಯವರ ಮನಸ್ಸು ಎಂಥದೆಂಬುದು ತಿಳಿದುಬರುತ್ತದೆ. ಧಾರವಾಡ, ಬಾಗಲಕೋಟೆ, ವಿಜಯಪುರ, ಕಲಬುರಗಿ ಸೀಮೆಯ ಊರುಗಳಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆಯ ಹಳೆಯ ಮನೆಗಳು ಇಂದಿಗೂ ನಿಂತಿವೆ. ಅವುಗಳ ಮುಂಗಟ್ಟೆಯ ಮೇಲೆ ದಾರಿಹೋಕನು ದಣಿವಾರಿಸಿಕೊಂಡಿದ್ದಾನೆ. ಜಂಗಮರು ಬಂದು ನಿಂತಿದ್ದಾರೆ. ಹಿರಿಯರು ಕುಳಿತು ನ್ಯಾಯ ಬಗೆಹರಿಸಿದ್ದಾರೆ. ಮನೆಯು ಊರಿನೊಡನೆ ಮಾತನಾಡುವ ಸ್ಥಳವೇ ಅದು.

ಇಂಥ ಮನೆಗಳಿಗೆ ಅಪಾಯ ಬರುವುದು ಹಲವು ವೇಳೆ ಪ್ರೀತಿಯಿಂದಲೇ. ಮಗಳ ಮದುವೆ ಗೊತ್ತಾಗುತ್ತದೆ, ಇಲ್ಲವೆ ಊರ ಜಾತ್ರೆ ಸಮೀಪಿಸುತ್ತದೆ. ಪಟ್ಟಣದಲ್ಲಿರುವ ಮಕ್ಕಳು ಬಂದು, "ಮನೆ ತೀರ ಹಳೆಯದಾಗಿ ಕಾಣುತ್ತದೆ" ಎಂದು ಮರುಗುತ್ತಾರೆ. ಹದಿನೈದು ದಿನಗಳಲ್ಲಿ ಹಳೆಯ ಗಾರೆ ಉದುರಿ ಸಿಮೆಂಟು ಮೇಲೇರುತ್ತದೆ. ಬಾಗಿಲಿಗೆ ಹೊಳಪಿನ ಬಣ್ಣ, ಕಟ್ಟೆಗೆ ಟೈಲ್ಸು ಬರುತ್ತವೆ. ಮದುವೆಯ ಚಿತ್ರಗಳಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಮೂರು ತಲೆಮಾರುಗಳ ಮಳೆಗೆ ಜಗ್ಗದ ಗೋಡೆ ಅಂದಿನಿಂದ ಒಳಗೊಳಗೇ ಸೊರಗತೊಡಗುತ್ತದೆ. ಆ ಮನೆಯಲ್ಲಿ ಬಾಳಬೇಕಾದವರು ಊರಲ್ಲಿಯೇ ಉಳಿಯುವ ತಾಯಿತಂದೆಗಳು. ಆದುದರಿಂದ ಹಳೆಯ ಮನೆಯನ್ನು ಕಡಿಮೆ ಖರ್ಚಿನಲ್ಲಿ, ಅದರ ಆಯುಷ್ಯಕ್ಕೆ ಕುಂದು ಬಾರದಂತೆ ಚೆಲುವಾಗಿಸುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಗೋಡೆಗೂ ಉಸಿರುಂಟು

ಮಣ್ಣಿನ ಗೋಡೆಯು ಮಳೆಗಾಲದಲ್ಲಿ ನೆಲದಿಂದಲೂ ಗಾಳಿಯಿಂದಲೂ ತೇವವನ್ನು ಹೀರಿ, ಬಿಸಿಲು ಬಂದಾಗ ಅದನ್ನು ಹೊರಬಿಡುತ್ತದೆ. ಸುಣ್ಣದ ಗಾರೆಯೂ ಸುಣ್ಣದ ಲೇಪವೂ ಈ ಸಂಚಾರಕ್ಕೆ ಅಡ್ಡ ಬರುವುದಿಲ್ಲ. ಸಿಮೆಂಟು ಮತ್ತು ಪ್ಲಾಸ್ಟಿಕ್ ಬಣ್ಣಗಳು ಅದನ್ನು ತಡೆಯುತ್ತವೆ. ಹೊರದಾರಿ ಕಾಣದ ನೀರು ಒಳಗಿನ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಮೇಲಿನ ಸಿಮೆಂಟು ಗಟ್ಟಿಯಾಗಿ ಕಾಣುತ್ತಿದ್ದರೂ ಒಳಗಿನ ಗೋಡೆ ಪುಡಿಯಾಗುತ್ತಿರುತ್ತದೆ. ಕೊನೆಗೆ ಒಂದು ದಿನ ಸಿಮೆಂಟು ಹಪ್ಪಳದಂತೆ ಕಳಚಿ ಬೀಳುತ್ತದೆ. ಈ ಒಂದು ಸಂಗತಿಯನ್ನು ಮನಗಂಡರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಶುಚಿಗೊಳಿಸುವ ಕ್ರಮ

ಮೊದಲು ನೀರನ್ನು ಮುಟ್ಟಬಾರದು. ಮೆತ್ತನೆಯ ಕಸಬರಿಗೆಯಿಂದ ಮೇಲಿನಿಂದ ಕೆಳಕ್ಕೆ ಧೂಳನ್ನೂ ಜೇಡರ ಬಲೆಯನ್ನೂ ತೆಗೆಯಬೇಕು. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಹೂತಂತೆ ಕಂಡರೆ ಅದನ್ನು ಒಣಗಿರುವಾಗಲೇ ಗುಡಿಸಿ ಮರದಲ್ಲಿ ತುಂಬಿ ದೂರ ಚೆಲ್ಲಬೇಕು. ತೊಳೆದರೆ ಆ ಉಪ್ಪು ಕರಗಿ ಮತ್ತೆ ಗೋಡೆಯನ್ನೇ ಸೇರುತ್ತದೆ. ಪಾಚಿ ಕಟ್ಟಿದ್ದಲ್ಲಿ ಅದು ಒಣಗುವವರೆಗೆ ಕಾದು ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿದರೆ ಸಾಕು. ಆದರೆ ಪಾಚಿಯು ರೋಗವಲ್ಲ, ರೋಗದ ಕುರುಹು. ಮಾಳಿಗೆಯ ನೀರು ಹೊರಚೆಲ್ಲುವ ದೋಣಿ ಒಡೆದಿದೆಯೋ, ಬಚ್ಚಲ ನೀರು ಗೋಡೆಯ ಬುಡಕ್ಕೆ ಹರಿಯುತ್ತಿದೆಯೋ ಎಂಬುದನ್ನು ನೋಡಿ ಸರಿಪಡಿಸದೆ ಪಾಚಿಯನ್ನಷ್ಟೇ ತೆಗೆದರೆ ಅದು ಬರುವ ಮಳೆಗಾಲಕ್ಕೆ ಮರಳಿ ಬರುತ್ತದೆ.

ಹಕ್ಕಿಗಳು ತಂದುಹಾಕಿದ ಬೀಜದಿಂದ ಗೋಡೆಯ ಸಂದಿನಲ್ಲಿ ಅರಳಿ, ಆಲದ ಸಸಿಗಳು ಏಳುವುದುಂಟು. ಎರಡೆಲೆಯ ಸಸಿಯನ್ನು ಮಳೆ ಬಿದ್ದ ಮರುದಿನ ಬೇರು ಸಹಿತ ಎರಡು ಬೆರಳುಗಳಿಂದ ಕೀಳಬಹುದು. ಎರಡು ವರ್ಷ ಬಿಟ್ಟರೆ ಅದನ್ನು ಕೀಳುವಾಗ ಕಲ್ಲೂ ಸಡಿಲಗೊಳ್ಳುತ್ತದೆ.

ಕಟ್ಟೆಯ ಹಾಸುಗಲ್ಲಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಶಹಾಬಾದಿನ ಕಲ್ಲು ಸುಣ್ಣದಕಲ್ಲಿನ ಜಾತಿಯದು. ಶೌಚಾಲಯ ತೊಳೆಯುವ ಆ್ಯಸಿಡ್ಡನ್ನು ಸುರಿದೊಡನೆ ನೊರೆಯೇಳುತ್ತದೆ; ಅದನ್ನು ಕಂಡು ಕೊಳೆ ಬಿಡುತ್ತಿದೆಯೆಂದು ಜನ ಸಂತೋಷಪಡುತ್ತಾರೆ. ವಾಸ್ತವವಾಗಿ ಕರಗುತ್ತಿರುವುದು ಕಲ್ಲೇ. ಬಾದಾಮಿ, ಗುಳೇದಗುಡ್ಡದ ಕಡೆಯ ಕೆಂಪು ಕಲ್ಲು ಮರಳುಗಲ್ಲು; ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಅದರ ಕಣಗಳು ಉದುರುತ್ತವೆ. ಎರಡಕ್ಕೂ ಬೇಕಾದದ್ದು ಶುದ್ಧ ನೀರು, ಮೆತ್ತನೆಯ ಬ್ರಷ್ಷು ಹಾಗೂ ತಾಳ್ಮೆ. ಯಂತ್ರದಿಂದ ರಭಸವಾಗಿ ನೀರು ಚಿಮ್ಮಿಸುವುದು ಮಣ್ಣಿನ ಸಂದುಗಳಿಗೆ ಸಲ್ಲದು.

ತಲಬಾಗಿಲು

ಸಾಗವಾನಿಯ ಹಳೆಯ ಚೌಕಟ್ಟಿನ ಕೆತ್ತನೆಯಲ್ಲಿ ವರ್ಷಗಳ ಹೊಗೆ, ಎಣ್ಣೆ, ಧೂಳು ಸೇರಿಕೊಂಡಿರುತ್ತವೆ. ಒಣ ಬ್ರಷ್ಷಿನಿಂದ ಧೂಳು ತೆಗೆದು, ಅಂಟುವಾಳಕಾಯಿ ನೆನೆಸಿದ ನೀರಿನಲ್ಲಿ ಅರಿವೆಯನ್ನದ್ದಿ ಚೆನ್ನಾಗಿ ಹಿಂಡಿ ಒರೆಸಬೇಕು. ಆಮೇಲೆ ಒಣ ಅರಿವೆಯಿಂದ ಒರೆಸಿ, ಎರಡು ದಿನ ನೆರಳಿನಲ್ಲಿ ಆರಬಿಟ್ಟು, ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿದರೆ ಕಟ್ಟಿಗೆಯ ನಿಜವಾದ ಬಣ್ಣ ಮೇಲೆದ್ದು ಬರುತ್ತದೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆಯ ಅರಿವೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಕಾವೇರಿ ಬೆಂಕಿ ಹತ್ತುವುದುಂಟು. ಅದನ್ನು ಬಯಲಲ್ಲಿ ಹರವಿ ಒಣಗಿಸಬೇಕು.

ಬಾಗಿಲಿಗೆ ಹಳೆಯ ಎಣ್ಣೆಬಣ್ಣ ಬಳಿದಿದ್ದರೆ ಒಣಗಿದಂತೆಯೇ ಕೆರೆಯಬಾರದು. ಹಿಂದಿನ ಬಣ್ಣಗಳಲ್ಲಿ ಸೀಸ ಹೆಚ್ಚಾಗಿರುತ್ತಿತ್ತು. ಹತ್ತು ಲಕ್ಷ ಭಾಗಕ್ಕೆ ೯೦ ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು ೨೦೧೭ರ ನವೆಂಬರಿನಲ್ಲಿ. ಆ ಧೂಳು ಎಳೆಯ ಮಕ್ಕಳ ಮಿದುಳಿಗೆ ಕೇಡು. ಒದ್ದೆಮಾಡಿ ಕೆರೆದು, ಉದುರಿದ್ದನ್ನು ಕೂಡಿಸಿ ತೆಗೆಯಬೇಕು. ಮಕ್ಕಳೂ ಗರ್ಭಿಣಿಯರೂ ಅಂದು ದೂರವಿರಬೇಕು.

ಸುಣ್ಣದ ಗುಣ

ಸುಣ್ಣದ ಕಲ್ಲನ್ನು ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ಹೊರಟುಹೋಗುತ್ತದೆ. ಗೋಡೆಗೆ ಬಳಿದ ನೀರುಸುಣ್ಣವು ಅದನ್ನು ಗಾಳಿಯಿಂದ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಹಾಗೆ ಗಟ್ಟಿಯಾಗಲು ಸ್ವಲ್ಪ ತೇವ ಬೇಕು. ಆದುದರಿಂದ ಗೋಡೆಗೆ ಮೊದಲು ನೀರು ಚಿಮುಕಿಸಿ, ಹಾಲಿನಷ್ಟು ತೆಳುವಾಗಿ, ದಿನಕ್ಕೊಂದರಂತೆ ಮೂರು ಸಲ ಬಳಿಯುವುದು ಲೇಸು. ಒಮ್ಮೆಗೇ ದಪ್ಪವಾಗಿ ಬಳಿದರೆ ಹೆಕ್ಕಳಿಕೆ ಏಳುತ್ತದೆ. ಬೇಸಗೆಯ ಸುಡುಬಿಸಿಲು ಸಲ್ಲದು. ಮಳೆ ನಿಂತು ದಸರೆ, ದೀಪಾವಳಿ ಬರುವ ಮೊದಲಿನ ದಿನಗಳು ಉತ್ತಮ. ಹೊಸ ಸುಣ್ಣವನ್ನು ನೆನೆಸುವಾಗ ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಅದು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಒಂದು ದಿನವಾದರೂ ನೆನೆಸಿ, ಅರಿವೆಯಲ್ಲಿ ಸೋಸಿ, ತುಸು ಗೋಂದು ಬೆರೆಸಿ ಬಳಸಬೇಕು. ಗೋಡೆಗೆ ಪ್ಲಾಸ್ಟಿಕ್ ಬಣ್ಣ ಮೊದಲೇ ಬಿದ್ದಿದ್ದರೆ ಸುಣ್ಣ ನಿಲ್ಲದು. ಬುಡಕ್ಕೆ ಒಂದು ಮೊಳ ಎತ್ತರ ಕೆಮ್ಮಣ್ಣಿನ ಪಟ್ಟಿ ಎಳೆದರೆ ಮಳೆಯ ಸಿಡಿಹನಿಯ ಕಲೆ ಎದ್ದು ಕಾಣದು.

ಕಟ್ಟೆಯ ಮೇಲಿನ ಹೂಕುಂಡಗಳು

ಇಷ್ಟಾದ ಮೇಲೆ ನಾಲ್ಕಾರು ಕುಂಡಗಳು ಮನೆಯ ಮೋರೆಯನ್ನೇ ಬೆಳಗುತ್ತವೆ. ಮಣ್ಣಿನ ಕುಂಡಗಳು ಹಳೆಯ ಮನೆಗೆ ಒಪ್ಪುತ್ತವೆ, ತಳದಲ್ಲಿ ತೂತಿರಲೇಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ಉಸುಕು ಬೆರೆಸಿದರೆ ಸಾಕು. ನಮ್ಮ ಎರೆಮಣ್ಣು ಹೊಲಕ್ಕೆ ಲೇಸಾದರೂ ಕುಂಡಕ್ಕೆ ಸಲ್ಲದು. ನೀರು ಹಿಡಿದಿಟ್ಟು ಬೇರನ್ನು ಕೊಳೆಸುತ್ತದೆ.

ಬಿಸಿಲು ಬೀಳುವ ಕಟ್ಟೆಗೆ ದಾಸವಾಳ, ದುಂಡುಮಲ್ಲಿಗೆ, ಸೇವಂತಿಗೆ, ಅರೆನೆರಳಿಗೆ ದೊಡ್ಡಪತ್ರೆ. ನೀರು ಮರೆಯುವವರಿಗೆ ಲೋಳಸರ, ನಿತ್ಯಪುಷ್ಪ. ಮಲ್ಲಿಗೆಯು ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ ಚಳಿಗಾಲದಲ್ಲಿ ಕತ್ತರಿಸಿದರೆ ಬೇಸಗೆಗೆ ಮೊಗ್ಗು ತುಂಬುತ್ತದೆ. ಬೆಳಗಿನ ಪೂಜೆಗೆ ಮನೆಯದೇ ಹೂ ದೊರಕುವುದೆಂದರೆ ಗೃಹಿಣಿಯರಿಗೆ ಅದೊಂದು ಭಾಗ್ಯ. ಬಿಲ್ವವು ಮರವಾಗುವಂಥದು, ಅದಕ್ಕೆ ಕುಂಡ ಸಾಲದು, ಹಿತ್ತಿಲಲ್ಲಿ ಜಾಗ ಕೊಡಬೇಕು. ಕಣಗಿಲೆಯು ಪೂಜೆಗೆ ಒಪ್ಪುವ ಹೂವಾದರೂ ಅದರ ಎಲೆ, ಹೂ, ತೊಗಟೆ ಎಲ್ಲವೂ ವಿಷ. ಕೂಸುಗಳೂ ದನಕರುಗಳೂ ಓಡಾಡುವ ಕಟ್ಟೆಯ ಮೇಲೆ ಅದು ಬೇಡ.

ಕುಂಡವನ್ನು ಗೋಡೆಗೆ ಒತ್ತಿಡಬಾರದು. ಒಂದು ಗೇಣು ದೂರದಲ್ಲಿ, ಎರಡು ಇಟ್ಟಿಗೆಗಳ ಮೇಲಿಟ್ಟರೆ ಗಾಳಿಯಾಡುತ್ತದೆ, ಗೋಡೆಗೆ ತೇವ ತಗಲದು. ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಜ್ವರದ ಸೊಳ್ಳೆ ಎಂಟು-ಹತ್ತು ದಿನಗಳಲ್ಲಿ ಮೊಟ್ಟೆಯಿಂದ ಬೆಳೆದು ಹಾರುತ್ತದೆ. ಆದಕಾರಣ ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಚೆಲ್ಲಿ ಉಜ್ಜಬೇಕು. ಕುಳಿತುಕೊಳ್ಳುವ ಸ್ಥಳವನ್ನಂತೂ ಕುಂಡಗಳು ಆಕ್ರಮಿಸಬಾರದು. ಕಟ್ಟೆ ಇರುವುದು ಬಂದವರಿಗಾಗಿ.

ಈ ಯಾವುದಕ್ಕೂ ಹೆಚ್ಚಿನ ಹಣ ಬೇಡ. ಮನೆಮಂದಿಯೆಲ್ಲ ಕೈಗೂಡಿಸಿದರೆ ಅದೇ ಒಂದು ಕಾಯಕ. ಮಕ್ಕಳು ಕುಂಡಕ್ಕೆ ನೀರೆರೆಯಲಿ, ಯುವಕರು ಸುಣ್ಣದ ಕೆಲಸ ಬಲ್ಲ ಹಿರಿಯ ಕೈಗಳ ಬಳಿ ನಿಂತು ಕಲಿಯಲಿ. ಅಂಥ ಕೈಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿವೆ. ಮದುವೆಗೋ ಜಾತ್ರೆಗೋ ಮನೆಯನ್ನು ಸಿಂಗರಿಸಹೊರಟ ಬಂಧುಗಳು ಮೊದಲು ಆ ಮನೆಯಲ್ಲಿರುವ ಹಿರಿಯರನ್ನು ಕೇಳಬೇಕೆಂಬುದೇ ನಮ್ಮ ಬಿನ್ನಹ. ಯಾವ ಮೂಲೆ ಸೋರುತ್ತದೆ, ಯಾವ ಕಲ್ಲು ಅಲುಗಾಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.