ಕಡಲ ತಳದ ಉಗ್ರಾಣ

1941ನೆಯ ಅಕ್ಟೋಬರ್ 6ರ ಅಪರಾತ್ರಿ. ಕೆಂಪು ಸಮುದ್ರದ ಉತ್ತರ ಭಾಗದಲ್ಲಿ, ಷಾಬ್ ಅಲಿ ಎಂಬ ಹವಳದ ದಿಬ್ಬದ ಮರೆಯಲ್ಲಿ, ಬ್ರಿಟಿಷ್ ಸರಕು ಹಡಗು ‘ಥಿಸಲ್‌ಗಾರ್ಮ್’ ಲಂಗರು ಹಾಕಿ ನಿಂತಿತ್ತು. ಜರ್ಮನ್ ವಿಮಾನವೊಂದು ಕೆಡವಿದ ಬಾಂಬುಗಳು ಮದ್ದುಗುಂಡು ತುಂಬಿದ್ದ ಹಿಂಬದಿಯ ಸರಕುಕೋಣೆಯ ಮೇಲೆ ಬಿದ್ದವು. ಸಿಡಿತದ ರಭಸಕ್ಕೆ ಹಡಗು ಸೀಳಿಹೋಯಿತು. ಮೇಲೆ ನಿಲ್ಲಿಸಿದ್ದ ಎರಡು ರೈಲು ಎಂಜಿನುಗಳು ಎಗರಿ ಕಡಲಿಗೆ ಬಿದ್ದವು. ಆಂಗಸ್ ಮೆಕ್‌ಲೇ ಎಂಬ ನಾವಿಕ ಉರಿಯ ನಡುವೆ ಓಡಿ ಗಾಯಾಳುವೊಬ್ಬನನ್ನು ಹೊತ್ತು ತಂದು ಜಾರ್ಜ್ ಪದಕಕ್ಕೆ ಪಾತ್ರನಾದ. ಆದರೂ ಒಂಬತ್ತು ಮಂದಿ ಮಡಿದರು.

ಇಂಗ್ಲೆಂಡಿನ ಸಂಡರ್‌ಲೆಂಡಿನಲ್ಲಿ 1940ರಲ್ಲಿ ನೀರಿಗಿಳಿದ ಈ ಹಡಗಿನ ಉದ್ದ ಸುಮಾರು 415 ಅಡಿ. ಮೆಡಿಟರೇನಿಯನ್ ಮಾರ್ಗ ಅಪಾಯಕರವಾಗಿದ್ದುದರಿಂದ ಆಫ್ರಿಕ ಖಂಡವನ್ನೇ ಬಳಸಿ ಅದು ಬಂದಿತ್ತು. ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಕಾದುತ್ತಿದ್ದ ಸೇನೆಗೆ ಲಾರಿ, ಮೋಟಾರ್ ಸೈಕಲ್, ಬಂದೂಕು, ಬೂಟುಗಳನ್ನು ಮುಟ್ಟಿಸುವುದು ಅದರ ಕೆಲಸ. ಆ ಯುದ್ಧದಲ್ಲಿ ಭಾರತದ ನಾಲ್ಕನೆಯ ಡಿವಿಷನ್ ಕೂಡ ಪಾಲ್ಗೊಂಡಿತ್ತು.

1950ರ ದಶಕದಲ್ಲಿ ಫ್ರಾನ್ಸಿನ ಝಾಕ್ ಕುಸ್ತೊ ಈ ಹಡಗನ್ನು ಪತ್ತೆಹಚ್ಚಿದ. ನೀರಿನಡಿ ಉಸಿರಾಡುವ ಉಪಕರಣವನ್ನು 1943ರಲ್ಲಿ ಎಮಿಲ್ ಗಾನ್ಯಾನನೊಡಗೂಡಿ ರೂಪಿಸಿದವನು ಇವನೇ. ಆ ಬಳಿಕ ಬಹುಕಾಲ ಮರೆತುಹೋಗಿದ್ದ ಹಡಗು 1990ರ ದಶಕದಿಂದ ಸ್ಕೂಬಾ ಮುಳುಗುಗಾರರ ಯಾತ್ರಾಸ್ಥಳವೇ ಆಯಿತು. ಲಾರಿಗಳು ಸಾಲಾಗಿ ನಿಂತಲ್ಲೇ ನಿಂತಿವೆ. ಮೀನುಗಳು ಅವುಗಳ ನಡುವೆ ಸುಳಿದಾಡುತ್ತಿವೆ.

ಹಡಗು ಕುಳಿತಿರುವುದು ಸುಮಾರು ನೂರು ಅಡಿ ಆಳದಲ್ಲಿ. ನೀರಿಗಾಗಿ ಸಾವಿರ ಅಡಿಗೂ ಮಿಕ್ಕಿ ಕೊಳವೆಬಾವಿ ಕೊರೆಸುವ ಚಿಕ್ಕಬಳ್ಳಾಪುರದ ಸೀಮೆಯವರಿಗೆ ಇದೇನು ಮಹಾ ಆಳ ಎನ್ನಿಸೀತು! ಆದರೆ ಅಲ್ಲಿ ದೇಹದ ಮೇಲಿನ ಒತ್ತಡ ನೆಲದ ಮೇಲಿರುವುದಕ್ಕಿಂತ ನಾಲ್ಕು ಪಟ್ಟು. ಉಸಿರಿನೊಡನೆ ಹೊಕ್ಕ ಸಾರಜನಕ ರಕ್ತದಲ್ಲಿ ಕರಗುತ್ತದೆ. ಅವಸರದಿಂದ ಮೇಲೇರಿದರೆ ಅದು ಗುಳ್ಳೆಗಳಾಗಿ ಪ್ರಾಣಕ್ಕೇ ಸಂಚಕಾರ ತಂದೀತು. ಆದ್ದರಿಂದಲೇ ತರಬೇತಿಯಿಲ್ಲದೆ ಇಳಿಯುವಂತಿಲ್ಲ. ನಮ್ಮ ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಮುಳುಗುವವರಿಗೂ ಇದೇ ಪಾಠ.

ಮನುಷ್ಯನಿಗೆ ಕಡಲಿನಿಂದ ಅಪಾಯವಿರುವಂತೆ, ಹಡಗಿಗೆ ಮನುಷ್ಯನಿಂದ ಅಪಾಯ ಒದಗಿದೆ. ನೆನಪಿಗೆಂದು ಬಿಡಿಭಾಗಗಳನ್ನು ಕಿತ್ತೊಯ್ದವರುಂಟು. ಪ್ರವಾಸಿ ದೋಣಿಗಳು ಹಗ್ಗ ಬಿಗಿದು ಜಗ್ಗಿದ್ದರಿಂದ ಕಬ್ಬಿಣದ ತಗಡುಗಳು ಮುರಿದಿವೆ. ಮುಳುಗುಗಾರರು ಹೊರಬಿಟ್ಟ ಉಸಿರು ಸೂರಿನಡಿ ಸಿಕ್ಕಿಕೊಂಡು ತುಕ್ಕನ್ನು ಹೆಚ್ಚಿಸುತ್ತದೆ. 2007ರಲ್ಲಿ ಈಜಿಪ್ಟಿನ ಪರಿಸರ ಸಂಸ್ಥೆಯೊಂದು ದೋಣಿ ಕಟ್ಟಲು ಬೇರೆ ನೆಲೆಗಳನ್ನು ಹಾಕಿಸಿ, ಗಾಳಿ ಹೊರಹೋಗಲು ಹಡಗಿಗೆ ರಂಧ್ರಗಳನ್ನು ಕೊರೆಸಿತು.

ನೋಡುವವರಿಗೆ ಅದು ವಿಸ್ಮಯದ ಉಗ್ರಾಣ. ಮಡಿದ ಒಂಬತ್ತು ಮಂದಿಗೆ ಸಮಾಧಿ. ಸಮಾಧಿಯಿಂದ ಯಾರೂ ಕಾಣಿಕೆ ಕೊಂಡೊಯ್ಯುವುದಿಲ್ಲ. ನೋಡಿ, ಕೈಮುಗಿದು, ಬರಿಗೈಯಲ್ಲಿ ಮೇಲೇರಿ ಬರುವುದೇ ಅಲ್ಲಿಗೆ ಇಳಿದವರ ಧರ್ಮ.